ಧ್ಯಾನಮಾರ್ಗದ ಮೊದಲ ಮೆಟ್ಟಿಲು



ಮಠದ ಮಹೋತ್ಸವವು ಭಕ್ತರ ಪಾಲಿಗೆ ಎರಡು ಬಗೆಯಾಗಿ ಬರುವದು. ಕಣ್ಣಿಗೆ ತಳಿರುತೋರಣ, ಕಿವಿಗೆ ಮಂಗಳವಾದ್ಯ, ನಾಲಗೆಗೆ ಪ್ರಸಾದ, ಇವೆಲ್ಲ ಹೊರಗಿನ ಮಹೋತ್ಸವ. ಪಲ್ಲಕ್ಕಿಯು ಮಠಕ್ಕೆ ಮರಳಿ, ಚಪ್ಪರವನ್ನು ಬಿಚ್ಚಿ, ನೆರೆದವರೆಲ್ಲರೂ ತಮ್ಮ ತಮ್ಮ ಊರ ದಾರಿಯನ್ನು ಹಿಡಿದ ಮೇಲೆ ಭಕ್ತನ ಮನೆಯಲ್ಲಿ ಏನು ಉಳಿಯುವದೋ ಅದು ಒಳಗಿನ ಮಹೋತ್ಸವ. ಶ್ರೀಗುರುವು ಕರಸ್ಥಲಕ್ಕೆ ಕರುಣಿಸಿದ ಲಿಂಗವನ್ನು ದಿನವೂ ಸ್ವಲ್ಪ ಹೊತ್ತು ನಿಶ್ಚಿಂತೆಯಿಂದ ನೋಡುವ ಅಭ್ಯಾಸವೊಂದು ಮನೆಮನೆಯಲ್ಲಿ ಬೇರೂರಿದರೆ ಈ ಎರಡನೆಯ ಮಹೋತ್ಸವವು ವರ್ಷಾಂತರಗಳವರೆಗೆ ನಡೆದೀತು. ಆದಕಾರಣ ಧ್ಯಾನವನ್ನು ಹೊಸದಾಗಿ ಕೈಕೊಳ್ಳುವವರಿಗೆ ಅದರ ಬಗೆಗಳನ್ನೂ ಫಲಗಳನ್ನೂ ತಿಳಿಯಹೇಳುವದು ಈ ಭಾಷಣದ ಉದ್ದೇಶ.

ಹೊಸದಾಗಿ ತೊಡಗಿದವರ ಅಳಲು ಎಲ್ಲೆಡೆಯಲ್ಲಿಯೂ ಒಂದೇ ತೆರನಾದುದು. ಮಿಂದು, ವಿಭೂತಿಯನ್ನು ಧರಿಸಿ, ಲಿಂಗವನ್ನು ಎಡಗೈಯ ಅಂಗೈಯಲ್ಲಿ ಇರಿಸಿಕೊಂಡು ಕುಳಿತರೆ ದೃಷ್ಟಿಯು ಲಿಂಗದಲ್ಲಿರುವದು, ಮನಸ್ಸು ಮಾತ್ರ ಸಂತೆಯಲ್ಲಿರುವದು. ಸಾಲ ಕೊಟ್ಟವನ ಮುಖ, ನಿನ್ನೆಯ ಜಗಳದಲ್ಲಿ ಆಡದೆ ಉಳಿದ ಮಾತು, ಮಗಳ ಮದುವೆಯ ವೆಚ್ಚ, ಬಾರದ ಮಳೆ, ಇವು ಒಂದರ ಹಿಂದೊಂದು ಬಂದು ನಿಲ್ಲುವವು. ಹತ್ತು ದಿನ ಹೀಗೆ ನಡೆದರೆ ಸಾಧಕನು ತನ್ನಷ್ಟಕ್ಕೆ ತಾನೇ ಒಂದು ತೀರ್ಪು ಕೊಟ್ಟುಕೊಳ್ಳುವನು: ಧ್ಯಾನವು ಸ್ವಾಮಿಗಳಿಗೆ ಸಲ್ಲುವದು, ವಿರಕ್ತರಿಗೆ ಸಲ್ಲುವದು, ಸಂಸಾರಿಯ ಮನಸ್ಸಿಗೆ ಸಲ್ಲುವದಲ್ಲ. ಅಂದಿನಿಂದ ಪೂಜೆಯು ಅವಸರದ ಆಚಾರವಾಗಿ, ಲಿಂಗವು ಕರಡಿಗೆಯಲ್ಲಿಯೇ ಉಳಿಯುವದು. ಎಷ್ಟೋ ಮನೆಗಳಲ್ಲಿ ದೀಕ್ಷೆಯು ಆಗಿರುತ್ತದೆ. ದೀಕ್ಷೆಯ ಬಳಿಕ ನಡೆಯಬೇಕಾದುದು ನಡೆದಿರುವದಿಲ್ಲ. ಈ ತೀರ್ಪು ತಪ್ಪಾದುದೆಂಬದನ್ನು ಮೊದಲು ತಿಳಿಯಬೇಕು.

ಧ್ಯಾನವೆಂದರೆ ಮನಸ್ಸನ್ನು ಬರಿದು ಮಾಡುವದೆಂದು ಹಲವರು ಬಗೆಯುವರು. ಶಾಸ್ತ್ರವು ಹಾಗೆ ಹೇಳುವದಿಲ್ಲ. ಪತಂಜಲಿಯು ಯೋಗದ ಎಂಟು ಅಂಗಗಳಲ್ಲಿ ಕೊನೆಯ ಮೂರನ್ನು ಧಾರಣ, ಧ್ಯಾನ, ಸಮಾಧಿ ಎಂದು ಕ್ರಮವಾಗಿ ಇರಿಸಿದನು. ಚಿತ್ತವನ್ನು ಒಂದು ನೆಲೆಯಲ್ಲಿ ಕಟ್ಟುವದು ಧಾರಣ. ಆ ನೆಲೆಯಲ್ಲಿ ಅದು ಎಡೆಬಿಡದೆ ಹರಿಯುವದು ಧ್ಯಾನ. ನೋಡುವವನು ತನ್ನನ್ನೂ ಮರೆತು ನೋಟವೇ ಉಳಿಯುವದು ಸಮಾಧಿ. ಹೀಗಿರುವಲ್ಲಿ ಹೊಸಬನು ಮಾಡುವದು ಧಾರಣೆಯೇ ಹೊರತು ಧ್ಯಾನವಲ್ಲ. ಧಾರಣೆಯಲ್ಲಿ ಮನಸ್ಸು ಹೋಗುವದು, ಅದನ್ನು ಮರಳಿ ತರುವದು, ಈ ಎರಡೂ ಇದ್ದೇ ಇರುವವು. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನಂಥ ವೀರನು ಮನಸ್ಸನ್ನು ಹಿಡಿಯುವದು ಗಾಳಿಯನ್ನು ಹಿಡಿಯುವಷ್ಟು ಕಠಿಣವೆಂದು ಕೈಚೆಲ್ಲಿದನು. ಅಭ್ಯಾಸ, ವೈರಾಗ್ಯ ಎಂಬ ಎರಡೇ ಉಪಾಯಗಳು ಅವನಿಗೆ ಉತ್ತರವಾಗಿ ದೊರೆತವು. ಪತಂಜಲಿಯೂ ಇವೆರಡನ್ನೇ ಹೇಳಿದನು.

ಇದನ್ನು ಒಕ್ಕಲುತನದವರು ಬೇಗನೆ ತಿಳಿದುಕೊಳ್ಳಬಲ್ಲರು. ಎಳೆಯ ಹೋರಿಗೆ ಮೊದಲ ಸಲ ನೊಗವನ್ನು ಹೂಡಿದಾಗ ಅದು ಸಾಲು ಬಿಟ್ಟು ಬದುವಿಗೆ ಓಡುವದು. ಅದನ್ನು ಕಂಡು ಹೋರಿಯು ಕೆಟ್ಟದೆಂದು ಜಾಣನಾದ ಒಕ್ಕಲಿಗನು ಮಾರಿಬಿಡುವದಿಲ್ಲ. ಬಾರುಕೋಲಿನಿಂದ ಬಡಿದು ಕೊಲ್ಲುವದೂ ಇಲ್ಲ. ಪಳಗಿದ ಎತ್ತಿನ ಜೋಡಿಗೆ ಕಟ್ಟಿ, ಹಗ್ಗವನ್ನು ಹದವಾಗಿ ಹಿಡಿದು, ಮರಳಿ ಮರಳಿ ಸಾಲಿಗೆ ತರುವನು. ಮೊದಲ ದಿನ ನಾಲ್ಕು ಸಾಲು, ಮರುದಿನ ಆರು ಸಾಲು. ಧ್ಯಾನದಲ್ಲಿ ಎಳೆಯ ಹೋರಿಯೇ ಮನಸ್ಸು. ಪಳಗಿದ ಎತ್ತು ಎಂದರೆ ಗುರುವು ಕೊಟ್ಟ ಆಸರೆ. ಮನಸ್ಸು ಹತ್ತು ಸಲ ಓಡಿತು, ಹತ್ತು ಸಲವೂ ಮರಳಿ ತಂದೆನು ಎಂಬವನು ಅಂದಿನ ಅಭ್ಯಾಸವನ್ನು ಸರಿಯಾಗಿಯೇ ಮಾಡಿದನು. ಮರಳಿ ತರುವ ಕೆಲಸವೇ ಅಭ್ಯಾಸವೆಂಬದನ್ನು ತಿಳಿದ ದಿನ ಅರ್ಧ ನಿರಾಶೆಯು ಅಳಿಯುವದು.

ಇನ್ನು ಧ್ಯಾನದ ಬಗೆಗಳು. ಆಸರೆಯು ಯಾವುದೆಂಬದನ್ನು ಅನುಸರಿಸಿ ಇವು ಬೇರೆಬೇರೆಯಾಗುವವು.

ಮೊದಲನೆಯದು ದೃಷ್ಟಿಯ ಆಸರೆಯದು. ವೀರಶೈವ ಮಾರ್ಗದಲ್ಲಿ ಇದಕ್ಕೆ ಇಷ್ಟಲಿಂಗವೇ ಆಧಾರ. ಲಿಂಗದ ಮೇಲಿನ ಕಂತೆಯು ಕಪ್ಪಾಗಿ ನುಣುಪಾಗಿರುವದರಿಂದ ಎದುರಿನ ದೀಪದ ಬೆಳಕು ಅದರಲ್ಲಿ ಒಂದು ಕಿರಿದಾದ ಬಿಂದುವಾಗಿ ಹೊಳೆಯುವದು. ಆ ಬಿಂದುವಿನಲ್ಲಿ ದೃಷ್ಟಿಯನ್ನು ನಿಲ್ಲಿಸಿದಾಗ ಕಣ್ಣಿನ ಅಲೆದಾಟವು ತಗ್ಗುವದು. ಕಣ್ಣು ನಿಂತಲ್ಲಿ ಮನಸ್ಸು ನಿಲ್ಲುವದು ಸುಲಭ. ಕಣ್ಣು, ಕೈ, ಮನಸ್ಸು ಈ ಮೂರಕ್ಕೂ ಏಕಕಾಲದಲ್ಲಿ ಕೆಲಸ ಕೊಡುವದು ಈ ಪದ್ಧತಿಯ ವಿಶೇಷ. ಇದಕ್ಕೆ ದೇವಾಲಯವೂ ಬೇಡ, ಪೂಜಾರಿಯೂ ಬೇಡ. ಆಧಾರವು ಸಾಧಕನ ಮೈಮೇಲೆಯೇ ಸದಾ ಇರುವದು. ಹರಿಹರ ಕವಿಯ ಪ್ರಭುದೇವರ ರಗಳೆಯಲ್ಲಿ ಅಲ್ಲಮನಿಗೆ ಈ ದಾರಿಯು ದೊರೆತ ಬಗೆಯು ಹೊಸಬರು ನೆನೆಯತಕ್ಕದ್ದು. ಮಡದಿ ಕಮಲತೆಯು ಜ್ವರದಿಂದ ತೀರಿಕೊಂಡ ದುಃಖದಲ್ಲಿ ಅವನು ಮತಿಗೆಟ್ಟು ಅಲೆದು, ಒಂದು ತೋಟದಲ್ಲಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿದ್ದನು. ಅಲ್ಲಿ ಹೂತುಹೋಗಿದ್ದ ಗುಡಿಯ ಕಳಸವು ತೋರಿತು. ಅಗೆಸಿ ಒಳಹೊಕ್ಕರೆ ಲಿಂಗವನ್ನು ಕರಸ್ಥಲದಲ್ಲಿ ಹಿಡಿದು ಎವೆಯಿಕ್ಕದೆ ಕುಳಿತ ಅನಿಮಿಷಯ್ಯನು ಕಾಣಿಸಿದನು. ಆ ಲಿಂಗವು ಅಲ್ಲಮನ ಕೈಸೇರಿತು. ಚಿತ್ತವು ಶಾಂತವಾದ ಮೇಲೆ ಧ್ಯಾನಕ್ಕೆ ಕುಳಿತೇನು ಎನ್ನುವವರಿಗೆ ಈ ಕಥೆಯಲ್ಲಿ ಉತ್ತರವುಂಟು. ಶೂನ್ಯಸಿಂಹಾಸನದ ಅಧ್ಯಕ್ಷನಾದವನು ಬಂದುದು ಶಾಂತಿಯಿಂದಲ್ಲ, ತಾಳಲಾರದ ಶೋಕದಿಂದ.

ಎರಡನೆಯದು ಮಂತ್ರದ ಆಸರೆಯದು. ನಮಃ ಶಿವಾಯ ಎಂಬ ಐದಕ್ಕರಗಳು ಪಂಚಾಕ್ಷರಿ. ಓಂಕಾರವು ಕೂಡಿದರೆ ಷಡಕ್ಷರಿ. ಜಪದಲ್ಲಿ ಮೂರು ತೆರಗಳುಂಟು. ಇತರರಿಗೆ ಕೇಳುವಂತೆ ಉಚ್ಚರಿಸುವದು ವಾಚಿಕ. ತುಟಿಯು ಅಲುಗಿದರೂ ದನಿಯು ಹೊರಡದಿರುವದು ಉಪಾಂಶು. ತುಟಿಯೂ ಅಲುಗದೆ ಮನದಲ್ಲಿಯೇ ನಡೆಯುವದು ಮಾನಸ. ಮಾನಸವು ಉತ್ತಮವೆಂದು ಕೇಳಿ ಹೊಸಬರು ಅದಕ್ಕೇ ಹಾರುವರು. ಸ್ವಲ್ಪ ಹೊತ್ತಿನಲ್ಲಿ ಜಪವು ಎಲ್ಲಿ ನಿಂತಿತೆಂಬದೇ ಅವರಿಗೆ ತಿಳಿಯದು. ವಾಚಿಕದಿಂದ ತೊಡಗಿ, ಮನವು ಹಿಡಿತಕ್ಕೆ ಬಂದಂತೆ ಉಪಾಂಶುವಿಗೂ ಮಾನಸಕ್ಕೂ ಇಳಿಯುವದು ಕ್ರಮ. 108 ಮಣಿಗಳ ರುದ್ರಾಕ್ಷಿ ಮಾಲೆಯು ಕೈಗೆ ಕೆಲಸ ಕೊಟ್ಟು ಎಚ್ಚರವನ್ನು ಕಾಯುವದು. ಎಣಿಕೆಯನ್ನು ಬೆಳೆಸುವದೇ ಗುರಿಯಾದರೆ ಮಾತ್ರ ಜಪವು ಲೆಕ್ಕವಾಗುವದು.

ಮೂರನೆಯದು ಉಸಿರಿನ ಆಸರೆಯದು. ಉಸಿರನ್ನು ಬಿಗಿಹಿಡಿಯದೆ, ಅದು ತಾನಾಗಿ ಬಂದು ಹೋಗುವದನ್ನು ಬರಿದೆ ಗಮನಿಸುವದು ಇದರ ವಿಧಾನ. ಬೌದ್ಧರಲ್ಲಿ ಇದಕ್ಕೆ ಆನಾಪಾನಸತಿ ಎಂಬ ಹೆಸರು. ಬರ್ಮಾ ದೇಶದ ಗುರುಗಳು ಉಳಿಸಿಕೊಂಡು ಬಂದ ವಿಪಶ್ಯನ ಪದ್ಧತಿಯು ಇದರಿಂದಲೇ ಆರಂಭವಾಗುವದು. ಸತ್ಯನಾರಾಯಣ ಗೋಯೆಂಕರು 1969ರಲ್ಲಿ ಅದನ್ನು ಬರ್ಮಾದಿಂದ ಭಾರತಕ್ಕೆ ಮರಳಿ ತಂದರು. 1976ರಿಂದ ಮಹಾರಾಷ್ಟ್ರದ ಇಗತಪುರಿಯ ಕೇಂದ್ರದಲ್ಲಿ ಹತ್ತು ದಿನಗಳ ಶಿಬಿರಗಳು ನಡೆದವು. ಶಿವಯೋಗದ ಸಾಧಕನು ಒಳಬರುವ ಹೊರಹೋಗುವ ಉಸಿರಿನೊಡನೆ ಮಂತ್ರವನ್ನು ಕೂಡಿಸಿಕೊಳ್ಳಬಹುದು. ಆಗ ಎರಡನೆಯದೂ ಮೂರನೆಯದೂ ಒಂದಾಗುವವು.

ನಾಲ್ಕನೆಯದು ಭಾವದ ಆಸರೆಯದು. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕು ಭಾವಗಳನ್ನು ಪತಂಜಲಿಯೂ ಬೌದ್ಧರೂ ಒಂದೇ ಬಗೆಯಾಗಿ ಎಣಿಸಿರುವರು. ಸುಖಿಗಳಲ್ಲಿ ಗೆಳೆತನ, ದುಃಖಿಗಳಲ್ಲಿ ಮರುಕ, ಪುಣ್ಯವಂತರಲ್ಲಿ ಸಂತೋಷ, ಕೆಡುಕರಲ್ಲಿ ದ್ವೇಷವಿಲ್ಲದ ತಾಟಸ್ಥ್ಯ. ಈ ಭಾವಗಳನ್ನು ಒಬ್ಬೊಬ್ಬರನ್ನು ನೆನೆದು ಮನದಲ್ಲಿ ಬೆಳೆಸುವದು ಇದರ ಅಭ್ಯಾಸ. ದಾಯಾದಿಯೊಡನೆ ಹೊಲದ ವ್ಯಾಜ್ಯವುಳ್ಳವನು ಇದನ್ನು ಒಂದು ವಾರ ಪ್ರಾಮಾಣಿಕವಾಗಿ ಮಾಡಿ ನೋಡಿದರೆ ಇದು ಎಷ್ಟು ಕಠಿಣವೆಂಬದೂ ಎಷ್ಟು ಉಪಯುಕ್ತವೆಂಬದೂ ತಿಳಿಯುವದು.

ಐದನೆಯದು ವಿಚಾರದ ಆಸರೆಯದು. ಶರಣರ ಒಂದು ವಚನವನ್ನು ಆರಿಸಿಕೊಂಡು, ಅದರ ಮಾತು ತನ್ನ ನಡೆಗೆ ಎಲ್ಲಿ ತಾಗುವದೆಂದು ನಿಧಾನವಾಗಿ ನೋಡುವದು. ಒಂದೇ ಕೂಡಿಕೆಯಲ್ಲಿ ಹತ್ತು ವಚನಗಳನ್ನು ಓದುವದು ಪಾರಾಯಣ. ಒಂದರೊಡನೆ ಹತ್ತು ದಿನ ಇರುವದು ಧ್ಯಾನ.

ಈ ಬಗೆಗಳು ಒಂದಕ್ಕೊಂದು ವಿರೋಧಿಗಳಲ್ಲ. ಗುರುವು ಕ್ರಿಯಾದೀಕ್ಷೆಯಿಂದ ಸ್ಥೂಲತನುವಿಗೆ ಇಷ್ಟಲಿಂಗವನ್ನೂ, ಮಂತ್ರದೀಕ್ಷೆಯಿಂದ ಸೂಕ್ಷ್ಮತನುವಿಗೆ ಪ್ರಾಣಲಿಂಗವನ್ನೂ, ವೇಧಾದೀಕ್ಷೆಯಿಂದ ಕಾರಣತನುವಿಗೆ ಭಾವಲಿಂಗವನ್ನೂ ಸಂಬಂಧಿಸುವನೆಂದು ವೀರಶೈವ ಸಿದ್ಧಾಂತವು ಹೇಳುವದು. ಕಣ್ಣಿನಿಂದ ತೊಡಗಿ, ಉಸಿರಿಗೆ ಇಳಿದು, ಭಾವದಲ್ಲಿ ನೆಲೆಗೊಳ್ಳುವ ಕ್ರಮವು ಇದರಲ್ಲಿಯೇ ಅಡಗಿರುವದು. ಆದರೆ ಹೊಸಬನು ಮೊದಲ ಕೆಲವು ತಿಂಗಳು ಒಂದನ್ನೇ ಹಿಡಿಯತಕ್ಕದ್ದು. ಹತ್ತು ಕಡೆ ಎರಡೆರಡು ಮೊಳ ಅಗೆದವನಿಗೆ ನೀರು ಸಿಕ್ಕುವದಿಲ್ಲ.

ಆಚರಣೆಯ ಕ್ರಮವನ್ನು ಸರಳವಾಗಿ ಹೇಳುವದಾದರೆ ಹೀಗೆ. ಹೊತ್ತು ಮೂಡುವ ಮುನ್ನ, ಮನೆಯು ಎಚ್ಚರಗೊಳ್ಳುವ ಮುನ್ನ ಕುಳಿತುಕೊಳ್ಳುವದು ಮೇಲು. ಅದು ಕೂಡದವರು ದಿನವೂ ತಪ್ಪದ ಬೇರೊಂದು ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಉಂಡ ಕೂಡಲೆ ಕುಳಿತರೆ ನಿದ್ರೆಯು ಬರುವದು. ಜಾಗವು ಒಂದೇ ಆಗಿರಲಿ, ಮೂಲೆಯಾದರೂ ಚಿಂತೆಯಿಲ್ಲ. ಬೆನ್ನು, ಕೊರಳು, ತಲೆ ನೆಟ್ಟಗಿರಬೇಕು. ಪದ್ಮಾಸನವೇ ಆಗಬೇಕೆಂಬ ನಿರ್ಬಂಧವಿಲ್ಲ. ಮೊಣಕಾಲಿನ ನೋವುಳ್ಳ ವೃದ್ಧರು ಕುರ್ಚಿಯ ಮೇಲೆ ಕುಳಿತರೂ ದೋಷವಿಲ್ಲ. ಲಿಂಗವನ್ನು ಕಣ್ಣಿನ ನೇರಕ್ಕೆ ಹಿಡಿದಾಗ ತೋಳು ಸೋಲುವದಾದರೆ ಮೊಳಕೈಗೆ ಆಧಾರವನ್ನು ಕೊಡಬಹುದು. ಕಣ್ಣನ್ನು ಬಲವಂತವಾಗಿ ಅರಳಿಸಿ ನೀರು ಸುರಿಸಬಾರದು. ದಣಿದರೆ ಮುಚ್ಚಿ, ಒಳಗೆ ಅದೇ ರೂಪವನ್ನು ನೆನೆಯಬೇಕು. ಕಣ್ಣಿನ ಬೇನೆಯುಳ್ಳವರು ವೈದ್ಯರನ್ನು ಕೇಳದೆ ದೃಷ್ಟಿಯೋಗವನ್ನು ಮಾಡದೆ ಮಂತ್ರವನ್ನೋ ಉಸಿರನ್ನೋ ಹಿಡಿಯತಕ್ಕದ್ದು. ಮೊದಲಿಗೆ ಅರ್ಧ ಘಳಿಗೆ, ಎಂದರೆ 12 ನಿಮಿಷ ಸಾಕು. ತಿಂಗಳು ಕಳೆದ ಮೇಲೆ ಅದನ್ನು ಒಂದು ಘಳಿಗೆಗೆ, ಎಂದರೆ 24 ನಿಮಿಷಗಳಿಗೆ ಮೆಲ್ಲಮೆಲ್ಲನೆ ಬೆಳೆಸಬಹುದು. ಒಂದು ದಿನ ಎರಡು ತಾಸು ಕುಳಿತು ನಾಲ್ಕು ದಿನ ಬಿಡುವದಕ್ಕಿಂತ ದಿನವೂ 12 ನಿಮಿಷ ಕುಳಿತವನ ಗತಿಯು ಮುಂದಾಗಿರುವದು.

ದಾರಿಯಲ್ಲಿ ಕೆಲವು ಎಡರುಗಳು ಬರುವವು. ನಿದ್ರೆಯು ಬಂದರೆ ಕಣ್ಣಿಗೆ ನೀರು ಹಚ್ಚಿಕೊಂಡು ಮರಳಿ ಕುಳಿತುಕೊಳ್ಳಬೇಕು, ಇಲ್ಲವೆ ರಾತ್ರಿಯ ನಿದ್ರೆಯನ್ನು ಸರಿಪಡಿಸಿಕೊಳ್ಳಬೇಕು. ಕೋಪವೋ ಹಳೆಯ ದುಃಖವೋ ಉಕ್ಕಿ ಬಂದರೆ ಬೆದರಬಾರದು; ಕದಡದ ಕೊಡದಲ್ಲಿ ತಳದ ಮಣ್ಣು ಕಾಣುವಂತೆ, ಗದ್ದಲವಡಗಿದಾಗ ಒಳಗಿದ್ದುದೇ ಕಾಣುವದು. ಬೆಳಕು ಕಂಡಿತು, ನಾದವು ಕೇಳಿತು ಎಂಬವರಿಗೆ ಬೇರೊಂದು ಅಪಾಯ: ಅದನ್ನು ಹತ್ತು ಜನರ ಮುಂದೆ ಹೇಳಿಕೊಳ್ಳುವ ಚಪಲ. ಕಂಡುದನ್ನು ಗುರುವಿನಲ್ಲಿ ಮಾತ್ರ ಬಿನ್ನವಿಸಿ ಸುಮ್ಮನಿರುವದು ಶ್ರೇಯಸ್ಸು.

ಫಲವೇನೆಂದು ಕೇಳುವದು ತಪ್ಪಲ್ಲ. ಪರಮಫಲವು ಲಿಂಗಾಂಗ ಸಾಮರಸ್ಯ. ಭಕ್ತನಿಂದ ಐಕ್ಯನವರೆಗಿನ ಆರು ಸ್ಥಲಗಳ ಮಾರ್ಗವು ಅದಕ್ಕಾಗಿಯೇ ಇರುವದು. ಅದು ದೂರದ ಶಿಖರ. ಹತ್ತಿರದ ಫಲಗಳನ್ನು ಪಾಶ್ಚಾತ್ಯ ವೈದ್ಯರೂ ಪರೀಕ್ಷಿಸಿ ನೋಡಿರುವರು. ಅಮೇರಿಕದ ಹೃದ್ರೋಗ ವೈದ್ಯ ಹರ್ಬರ್ಟ್ ಬೆನ್ಸನ್ನರು ಶಬ್ದವೊಂದನ್ನು ಮನದಲ್ಲಿ ಮರಳಿ ಮರಳಿ ಹೇಳುವ ಧ್ಯಾನದಿಂದ ಶರೀರವು ವಿಶ್ರಾಂತಿಗೊಳ್ಳುವದನ್ನು ವಿವರಿಸಿ 1975ರಲ್ಲಿ ಗ್ರಂಥವನ್ನು ಪ್ರಕಟಿಸಿದರು. 1979ರಲ್ಲಿ ಜಾನ್ ಕಬಟ್ ಝಿನ್ನರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಧ್ಯಾನದ ಶಿಕ್ಷಣವನ್ನು ತೆರೆದರು. ಅದು ಎಂಟು ವಾರಗಳ ಕ್ರಮವಾಗಿ ಹಲವು ದೇಶಗಳಿಗೆ ಹರಡಿತು. 2014ರಲ್ಲಿ ಅಮೇರಿಕದ ವೈದ್ಯಸಂಘದ ಪತ್ರಿಕೆಯೊಂದರಲ್ಲಿ 47 ಪ್ರಯೋಗಗಳನ್ನೂ 3,515 ಜನರನ್ನೂ ಒಳಗೊಂಡ ವಿಮರ್ಶೆಯು ಅಚ್ಚಾಯಿತು. ಧ್ಯಾನದಿಂದ ಆತಂಕ, ಖಿನ್ನತೆ, ನೋವು ಇವು ಸ್ವಲ್ಪ ಮಟ್ಟಿಗೆ ಕಡಿಮೆಯಾಗುವವೆಂಬದಕ್ಕೆ ಸಾಧಾರಣ ಬಲದ ಆಧಾರವುಂಟೆಂದೂ, ನಿದ್ರೆ, ದೇಹತೂಕ ಮೊದಲಾದವುಗಳ ವಿಷಯದಲ್ಲಿ ಆಧಾರವು ಸಾಲದೆಂದೂ, ಔಷಧ, ವ್ಯಾಯಾಮಗಳಿಗಿಂತ ಧ್ಯಾನವು ಮೇಲೆಂದು ತೋರಲಿಲ್ಲವೆಂದೂ ಅದು ನಿರ್ಣಯಿಸಿತು. 2017ರಲ್ಲಿ ಅಮೇರಿಕದ ಹೃದಯ ಸಂಘವು ಹೃದ್ರೋಗದ ಅಪಾಯವನ್ನು ತಗ್ಗಿಸುವ ವಾಡಿಕೆಯ ಚಿಕಿತ್ಸೆಗೆ ಧ್ಯಾನವನ್ನು ಪೂರಕವಾಗಿ ಇಟ್ಟುಕೊಳ್ಳಬಹುದೆಂದಿತು.

ಈ ಮಾತುಗಳನ್ನು ಇದ್ದಷ್ಟೇ ತೆಗೆದುಕೊಳ್ಳುವದು ಭಕ್ತರ ಕರ್ತವ್ಯ. ಧ್ಯಾನದಿಂದ ಎಲ್ಲ ರೋಗಗಳೂ ಹೋಗುವವೆಂದು ಸಾರುವದು ಧ್ಯಾನಕ್ಕೆ ಗೌರವವಲ್ಲ. ರಕ್ತದ ಒತ್ತಡ, ಸಕ್ಕರೆಯ ರೋಗಗಳಿಗೆ ಔಷಧ ಕೊಳ್ಳುವವರು ಧ್ಯಾನದ ನೆವದಿಂದ ಅದನ್ನು ಬಿಡಬಾರದು. ತೀವ್ರವಾದ ಮನೋರೋಗವುಳ್ಳವರನ್ನು ದೀರ್ಘಧ್ಯಾನಕ್ಕೆ ಕುಳ್ಳಿರಿಸುವದು ಹಾನಿಕರವಾಗಬಹುದು. ಅವರಿಗೆ ಮೊದಲು ವೈದ್ಯನು ಬೇಕು. ಸಾಮಾನ್ಯನಾದ ಗೃಹಸ್ಥನು ಕಾಣಬಹುದಾದ ಫಲವು ಬೇರೆ ಬಗೆಯದು. ಸಿಟ್ಟು ಬಂದುದಕ್ಕೂ ಮಾತು ಹೊರಡುವದಕ್ಕೂ ನಡುವೆ ಒಂದು ಉಸಿರಿನಷ್ಟು ಎಡೆಯು ದೊರೆಯುವದು. ಆ ಎಡೆಯಲ್ಲಿ ಎಷ್ಟೋ ಸಂಸಾರಗಳು ಉಳಿದುಕೊಳ್ಳುವವು.

ಧ್ಯಾನಕ್ಕೂ ಕಾಯಕಕ್ಕೂ ಇರುವ ಸಂಬಂಧವು ಮುಖ್ಯವಾದುದು. ಧ್ಯಾನದ ರುಚಿ ಹತ್ತಿದವನು ದುಡಿಮೆಯನ್ನು ಕೀಳಾಗಿ ಕಾಣುವ ಅಪಾಯವುಂಟು. ನುಲಿಯ ಚಂದಯ್ಯನು ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ನೀರಿಗೆ ಜಾರಿಬಿದ್ದರೂ ಹುಲ್ಲಿನ ಹೊರೆಯನ್ನು ಹೊತ್ತು ಕಾಯಕಕ್ಕೆ ನಡೆದನೆಂದೂ, ಲಿಂಗವೇ ಅವನ ಬೆನ್ನುಹತ್ತಿ ಬಂದಿತೆಂದೂ, ಮಡಿವಾಳ ಮಾಚಯ್ಯನ ಬೋಧೆಯಿಂದ ಅದನ್ನು ಮರಳಿ ಸ್ವೀಕರಿಸಿದನೆಂದೂ ಶರಣರ ಕಥೆಯು ಹೇಳುವದು. ಇದಕ್ಕೆ ಎದುರಾದ ಇನ್ನೊಂದು ಕಥೆಯು ಸೊನ್ನಲಿಗೆಯ ಸಿದ್ಧರಾಮನದು. ಕೆರೆ ಕಟ್ಟಿಸಿ, ಗುಡಿಗಳನ್ನು ನಿಲ್ಲಿಸಿ ಲೋಕೋಪಕಾರದಲ್ಲಿ ಮುಳುಗಿದ್ದ ಅವನಲ್ಲಿಗೆ ಅಲ್ಲಮನು ಬಂದು ಒಳಗಣ ಅರಿವಿನ ಕೊರತೆಯನ್ನು ತೋರಿದುದನ್ನು ಶೂನ್ಯಸಂಪಾದನೆಯು ವಿವರಿಸುವದು. ಧ್ಯಾನವು ಕೆಲಸಕ್ಕೆ ನೆವವಾಗಕೂಡದೆಂದು ಒಂದು ಕಥೆ. ಕೆಲಸವು ಧ್ಯಾನಕ್ಕೆ ನೆವವಾಗಕೂಡದೆಂದು ಇನ್ನೊಂದು. ಎರಡನ್ನೂ ಜೊತೆಯಾಗಿ ನೆನೆಯುವವನು ದಾರಿ ತಪ್ಪುವದಿಲ್ಲ.

ಕಡೆಯದಾಗಿ ಮನೆಯ ಮಾತು. ಎಷ್ಟೋ ಮನೆಗಳಲ್ಲಿ ಯಜಮಾನನು ಲಿಂಗಪೂಜೆಗೆ ಕುಳಿತಾಗ ಸೊಸೆಯು ಒಲೆಯ ಮುಂದಿರುವಳು, ಮಡದಿಯು ನೀರು ಕಾಯಿಸುತ್ತಿರುವಳು. ಅವನಿಗೆ ಮೌನವು ಬೇಕೆಂದು ಮಕ್ಕಳನ್ನು ಸುಮ್ಮನಿರಿಸುವವಳೂ ಅವಳೇ. ಅವಳ ಕೊರಳಲ್ಲಿಯೂ ಅದೇ ಲಿಂಗವಿರುವದು. ಅದನ್ನು ಕರಸ್ಥಲದಲ್ಲಿ ಹಿಡಿದು ನೋಡುವ ಹೊತ್ತು ಮಾತ್ರ ಅವಳಿಗೆ ದೊರೆಯದು. ಗಂಡುಹೆಣ್ಣೆಂಬ ಭೇದವಿಲ್ಲದೆ ದೀಕ್ಷೆಯನ್ನು ಕೊಟ್ಟ ಮಾರ್ಗವಿದು. ಅಕ್ಕಮಹಾದೇವಿಯ ಅನುಭಾವಕ್ಕೆ ಹಿರಿಯ ಶರಣರೇ ತಲೆಬಾಗಿದರು. ಮುಕ್ತಾಯಕ್ಕನು ಅಲ್ಲಮನೊಡನೆ ಸರಿಸಮನಾಗಿ ವಾದಿಸಿದಳು. ಅಂಥ ಮಾರ್ಗದಲ್ಲಿ ಒಬ್ಬರ ಧ್ಯಾನವು ಇನ್ನೊಬ್ಬರ ದಣಿವಿನ ಮೇಲೆ ನಡೆಯುವದು ಯೋಗ್ಯವಲ್ಲ. ಪೂಜೆ ಮುಗಿಸಿ ಎದ್ದ ಯಜಮಾನನು, ‘ಅವ್ವಾ, ಇನ್ನು ನೀ ಕುಳಿತುಕೋ, ಹಾಲು ಉಕ್ಕದಂತೆ ನಾ ನೋಡಿಕೊಳ್ಳುವೆ’ ಎಂದು ಸೊಸೆಗೆ ಹೇಳಿದ ದಿನ ಅವನ ಧ್ಯಾನವು ಫಲಿಸಿತೆಂದು ತಿಳಿಯಬಹುದು.

ಮಹೋತ್ಸವಕ್ಕೆ ಬಂದ ಭಕ್ತರು ತೆಂಗು, ವಿಭೂತಿ, ಪ್ರಸಾದಗಳನ್ನು ಮನೆಗೆ ಒಯ್ಯುವರು. ಅವುಗಳೊಡನೆ 12 ನಿಮಿಷಗಳ ಒಂದು ವ್ರತವನ್ನೂ ಒಯ್ಯಲಿ. ನಾಳೆಯ ಬೆಳಗು ಮನಸ್ಸು ಓಡುವದು, ಮರಳಿ ತರಲಿ. ನಾಡಿದ್ದು ಮತ್ತೆ ಓಡುವದು. ಮತ್ತೆ ಮರಳಿ ತರಲಿ. ಕೈಯಲ್ಲಿ ಲಿಂಗವನ್ನಿತ್ತ ಗುರುವಿನ ಕರುಣೆಯು ಅಷ್ಟು ಬಾರಿಯೂ ಜೊತೆಯಲ್ಲಿರುವದು. ಸರ್ವರಿಗೂ ಶಿವಧ್ಯಾನದಲ್ಲಿ ನಿಷ್ಠೆಯು ಬೆಳೆದು, ಮನೆಮನೆಯಲ್ಲಿ ಶಾಂತಿಯು ನೆಲಸಲಿ.

ಶಿವಮಸ್ತು.